ಫೋಮ್ ವಿಮಾನದ ನಕ್ಷೆ: ಬ್ಲೇಡು ಹಾಕುವ ಮೊದಲು ಒಮ್ಮೆ ನೋಡಿ ಹೇಳಿ

ಬೆಣ್ಣೆದೋಸೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಕಿಟ್ ತಂದು ಜೋಡಿಸುವುದು ನನಗೆ ಬೇಡ. ರೇಡಿಯೋ ನಿಯಂತ್ರಣದ ವಿಮಾನವೊಂದನ್ನು ನಾನೇ ಲೆಕ್ಕ ಹಾಕಿ ಕಟ್ಟಬೇಕು ಎಂದು ಹೊರಟಿದ್ದೇನೆ. ನಕ್ಷೆ ಸಿದ್ಧವಿದೆ, ಬೋರ್ಡಿಗೆ ಇನ್ನೂ ಬ್ಲೇಡು ತಾಗಿಸಿಲ್ಲ.

ರೆಕ್ಕೆ ತುದಿಯಿಂದ ತುದಿಗೆ 1000 ಮಿ.ಮೀ., ಅಗಲ 180 ಮಿ.ಮೀ. ಎರಡೂ ಮುಖಕ್ಕೆ ಕಾಗದ ಅಂಟಿಸಿದ 5 ಮಿ.ಮೀ. ಫೋಮ್ ಬೋರ್ಡು. ರೆಕ್ಕೆ ಸದ್ಯಕ್ಕೆ ಚಪ್ಪಟೆ ಹಾಳೆಯೇ. 2212 ಮೋಟಾರು (1000 ಕೆವಿ, ಎಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು), 10×4.5 ಇಂಚಿನ ಪ್ರೊಪೆಲ್ಲರ್, ಮೋಟಾರಿನ ವೇಗ ಹದ ಮಾಡುವ 30 ಆಂಪಿಯರ್ ಇಎಸ್‌ಸಿ, ಮೂರು ಸೆಲ್ಲಿನ 2200 ಎಂಎಎಚ್ ಲಿಪೊ ಬ್ಯಾಟರಿ, ತಟ್ಟೆಗಳನ್ನು ಅಲುಗಿಸುವ 9 ಗ್ರಾಂ ಸರ್ವೊ ನಾಲ್ಕು: ಎರಡು ವಿಮಾನವನ್ನು ವಾಲಿಸುವ, ರೆಕ್ಕೆಯ ಹಿಂದಂಚಿನ ಏಲೆರಾನ್‌ಗೆ, ಒಂದು ಮೂತಿ ಏರಿಸಿಳಿಸುವ, ಅಡ್ಡ ಬಾಲದ ಎಲಿವೇಟರ್‌ಗೆ, ಒಂದು ಮೂತಿ ಎಡಬಲ ತಿರುಗಿಸುವ, ನಿಂತ ಬಾಲದ ರಡ್ಡರ್‌ಗೆ. ಎಲ್ಲ ಸೇರಿ 950 ಗ್ರಾಂ ಆಗಬಹುದು. ಮೋಟಾರಿನ ಥ್ರಸ್ಟ್, ಎಂದರೆ ಎಳೆಯುವ ಬಲ, 800 ಗ್ರಾಂ ಆಸುಪಾಸು ಎನ್ನುತ್ತಾರೆ. ತೂಕಕ್ಕಿಂತ ಥ್ರಸ್ಟ್ ಕಡಿಮೆಯಾಯಿತು. ಇದಕ್ಕಿಂತ ದೊಡ್ಡ ಮೋಟಾರು ಹಾಕಲೇ?

ಹಳೆಯ ಬಾಲ್ಸಾ (ಬೆಂಗಳೂರು)

ಹಾಕಬೇಡಿ. ದೊಡ್ಡ ಮೋಟಾರಿಗೆ ದೊಡ್ಡ ಇಎಸ್‌ಸಿ ಬೇಕು, ಅದಕ್ಕೆ ದೊಡ್ಡ ಬ್ಯಾಟರಿ ಬೇಕು, ಆ ಭಾರ ಹೊರಲು ರೆಕ್ಕೆಗೆ ಇನ್ನೊಂದು ಸ್ಪಾರ್ (ಉದ್ದಕ್ಕೂ ಹೋಗುವ ತೊಲೆ) ಬೇಕು. ಹೀಗೆ ಒಂದಕ್ಕೊಂದು ಗಂಟು ಬಿದ್ದು ಕೊನೆಗೆ ವಿಮಾನ ಹಾರುತ್ತದೆ, ನಿಜ. ಆದರೆ ಇಳಿಸುವುದು ಯಾರು?

ಥ್ರಸ್ಟ್ ತೂಕಕ್ಕಿಂತ ಹೆಚ್ಚಿರಬೇಕಾದದ್ದು ಡ್ರೋನಿಗೆ, ಏಕೆಂದರೆ ಅದಕ್ಕೆ ರೆಕ್ಕೆ ಇಲ್ಲ. ಕಲಿಯುವವರ ವಿಮಾನಕ್ಕೆ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಥ್ರಸ್ಟ್ ಇದ್ದರೆ ಧಾರಾಳವಾಯಿತು. ನಿಮ್ಮ ತೊಂದರೆ ಮೋಟಾರಿನದಲ್ಲ, ರೆಕ್ಕೆಯದು. 1000 × 180 ಎಂದರೆ 18 ಚದರ ಡೆಸಿಮೀಟರ್. 950 ಗ್ರಾಂ ಅದರ ಮೇಲೆ ಕೂತರೆ ಚದರ ಡೆಸಿಮೀಟರಿಗೆ ಸುಮಾರು 53 ಗ್ರಾಂ. ಮೊದಲ ವಿಮಾನಕ್ಕೆ 25ರಿಂದ 35ರ ಒಳಗಿರಲಿ.

ನೀವು ಮಾಡಿದ್ದು ಎಲ್ಲರೂ ಮಾಡುವುದೇ: ಚೆಂದದ ರೆಕ್ಕೆ ಬರೆದು, ಆಮೇಲೆ ತೂಕ ಕೂಡಿಸಿದ್ದೀರಿ. ಅದನ್ನು ತಿರುಗಿಸಿ. ಮೋಟಾರು, ಇಎಸ್‌ಸಿ, ಬ್ಯಾಟರಿ, ಸರ್ವೊ, ರಿಸೀವರ್ ಎಲ್ಲವನ್ನೂ ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಗ್ರಾಂ ಬರೆದುಕೊಳ್ಳಿ. ಫೋಮಿಗೂ ಅಂಟಿಗೂ ಅಷ್ಟೇ ತೂಕ ಇಟ್ಟುಕೊಳ್ಳಿ, ಸ್ವಲ್ಪ ಹೆಚ್ಚೇ ಇರಲಿ. ಬಂದ ಮೊತ್ತವನ್ನು 28ರಿಂದ ಭಾಗಿಸಿ. ಅದೇ ನಿಮ್ಮ ರೆಕ್ಕೆಯ ವಿಸ್ತೀರ್ಣ. ಅಲ್ಲಿಂದ ಪೆನ್ಸಿಲ್ ಹಿಡಿಯಿರಿ.

ಮೊದಲ ವಿಮಾನಕ್ಕೆ ಏಲೆರಾನ್ ಏಕೆ? ತೆಗೆಯಿರಿ. ಎರಡು ಸರ್ವೊ, ಎರಡು ಕೊಂಡಿ, ಎರಡು ವೈರು ಕಡಿಮೆ.

ಬೆಣ್ಣೆದೋಸೆ

ಏಲೆರಾನ್ ಇಲ್ಲದೆ ತಿರುಗಿಸುವುದು ಹೇಗೆ ಸರ್? ರಡ್ಡರ್ ಒಂದರಿಂದಲೇ ಆಗುತ್ತದೆಯೇ?

ಹಳೆಯ ಬಾಲ್ಸಾ

ಡೈಹೆಡ್ರಲ್ ಕೊಟ್ಟರೆ ಆಗುತ್ತದೆ. ರೆಕ್ಕೆಯ ತುದಿಗಳು ಮೇಲಕ್ಕೆ ಎದ್ದಿರಬೇಕು. ರಡ್ಡರ್ ಎಡಕ್ಕೆ ಹಾಕಿದಾಗ ಮೂತಿ ಎಡಕ್ಕೆ ತಿರುಗುತ್ತದೆ, ಬಲರೆಕ್ಕೆ ಗಾಳಿಗೆ ಹೆಚ್ಚು ಒಡ್ಡಿಕೊಂಡು ಮೇಲೇಳುತ್ತದೆ, ವಿಮಾನ ಎಡಕ್ಕೆ ವಾಲಿ ತಿರುಗುತ್ತದೆ. ರಡ್ಡರ್ ಬಿಟ್ಟರೆ ತಾನೇ ನೆಟ್ಟಗಾಗುತ್ತದೆ. ರೇಡಿಯೋದ ಕಡ್ಡಿ ಬಿಟ್ಟು ಕೈ ಕಟ್ಟಿಕೊಂಡು ನಿಂತರೂ ಬೀಳದ ವಿಮಾನ ಅದು. ಪ್ರತಿ ಬದಿಗೆ 6 ಡಿಗ್ರಿ ಕೊಡಿ. ಅರ್ಧ ರೆಕ್ಕೆ 600 ಮಿ.ಮೀ. ಇದ್ದರೆ ತುದಿ ಸುಮಾರು 60 ಮಿ.ಮೀ. ಎದ್ದಿರುತ್ತದೆ.

ಕಡಲತಡಿ (ಮಂಗಳೂರು)

ನಾನು ದ್ರವ ಚಲನಶಾಸ್ತ್ರ ಪಾಠ ಮಾಡುವವಳು. ಹಾಗಾಗಿ ಹಿರಿಯರು ಹೇಳಿದ್ದಕ್ಕೆ ಸ್ವಲ್ಪ ಅಂಕಿ ಸೇರಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಗಾಳಿಯಲ್ಲಿ ನಿಲ್ಲಬಲ್ಲ ಕನಿಷ್ಠ ವೇಗ, ಎಂದರೆ ಸ್ಟಾಲ್ ವೇಗ, ನಾಲ್ಕು ಸಂಗತಿಗಳಿಂದ ಬರುತ್ತದೆ: ತೂಕ, ರೆಕ್ಕೆಯ ವಿಸ್ತೀರ್ಣ, ಗಾಳಿಯ ಸಾಂದ್ರತೆ, ರೆಕ್ಕೆಯ ಆಕಾರ ಕೊಡಬಲ್ಲ ಗರಿಷ್ಠ ಲಿಫ್ಟ್ (ಎತ್ತುವ ಬಲದ) ಗುಣಾಂಕ. ಚಪ್ಪಟೆ ಹಾಳೆಗೆ ಈ ಗುಣಾಂಕ 0.8 ಎಂದು ಹಿಡಿಯೋಣ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. 30 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ ಘನ ಮೀಟರಿಗೆ 1.08 ಕಿಲೋ. ಲೆಕ್ಕ ಮಾಡಿದರೆ ಬೆಣ್ಣೆದೋಸೆಯವರ ವಿಮಾನ ಗಂಟೆಗೆ ಸುಮಾರು 39 ಕಿ.ಮೀ. ವೇಗಕ್ಕಿಂತ ಕೆಳಗೆ ಬಂದರೆ ಮೂತಿ ಕುಸಿಯುತ್ತದೆ.

ಇನ್ನೊಂದು ಕಡೆಯಿಂದ ನೋಡಿ. 10×4.5 ಪ್ರೊಪೆಲ್ಲರ್ ಒಂದು ಸುತ್ತಿಗೆ 4.5 ಇಂಚು ಮುಂದೆ ಹೋಗಬೇಕು ಎಂಬುದು ಅದರ ಪಿಚ್. ಭಾರ ಹೊತ್ತಾಗ ಮೋಟಾರು ನಿಮಿಷಕ್ಕೆ 8300 ಸುತ್ತು ತಿರುಗಿದರೆ ಪಿಚ್ ವೇಗ ಗಂಟೆಗೆ 57 ಕಿ.ಮೀ. ಅದಕ್ಕಿಂತ ವೇಗವಾಗಿ ಪ್ರೊಪೆಲ್ಲರ್ ಎಳೆಯಲಾರದು. ಕೆಳಗೆ 39, ಮೇಲೆ 57. ಈ ನಡುವಿನ ಇಕ್ಕಟ್ಟಿನಲ್ಲೇ ನೀವು ಕಲಿಯಬೇಕು, ಗಾಳಿ ಬೀಸಿದರೂ ತಡೆದುಕೊಳ್ಳಬೇಕು.

ಈಗ ರೆಕ್ಕೆಯನ್ನು 1200 × 220 ಮಾಡಿ. 26.4 ಚದರ ಡೆಸಿಮೀಟರ್. 2200ರ ಬದಲು 1300 ಎಂಎಎಚ್ ಬ್ಯಾಟರಿ ಹಾಕಿ, ಅಲ್ಲೇ 70 ಗ್ರಾಂ ಇಳಿಯುತ್ತದೆ. ಒಟ್ಟು 700 ಗ್ರಾಂ, ರೆಕ್ಕೆಗೆ ಸರಿಯಾದ ಉಬ್ಬು ಕೊಟ್ಟು ಗುಣಾಂಕ 1.1. ಸ್ಟಾಲ್ ವೇಗ ಗಂಟೆಗೆ 24 ಕಿ.ಮೀ.ಗೆ ಇಳಿಯಿತು. ಮೋಟಾರು ಅದೇ, ಪ್ರೊಪೆಲ್ಲರ್ ಅದೇ. ಸೈಕಲ್ ಜೋರಾಗಿ ಓಡಿಸುವವರ ವೇಗದಲ್ಲಿ ಇಳಿಯುವ ವಿಮಾನ ಸಿಕ್ಕಿತು.

ಬೆಂಗಳೂರಿನವರಿಗೆ ಒಂದು ಮಾತು: 900 ಮೀಟರ್ ಎತ್ತರದಲ್ಲಿ ಗಾಳಿ ನಮ್ಮ ಕರಾವಳಿಗಿಂತ ಸುಮಾರು ಶೇಕಡಾ 9ರಷ್ಟು ತೆಳು. ಇಲ್ಲಿ ಹಾಯಾಗಿ ಹಾರುವ ವಿಮಾನ ಅಲ್ಲಿ ತುಸು ಬಿರುಸಾಗಿ ಇಳಿದರೆ ನಿಮ್ಮ ಕೈಯನ್ನು ದೂರಬೇಡಿ.

ಥರ್ಮೊಕೋಲ್ ಮನೆ (ಹುಬ್ಬಳ್ಳಿ)

ಉಬ್ಬಿನ ಮಾತು ಬಂದದ್ದರಿಂದ ಬಾಯಿ ಬಿಡುತ್ತಿದ್ದೇನೆ. ಮದುವೆ ಮಂಟಪಕ್ಕೆ ಕಮಾನು, ನವಿಲು, ಹೆಸರು ಕತ್ತರಿಸುವುದು ನಮ್ಮ ಕಸುಬು. ರೆಕ್ಕೆಗೆ ಫೋಮ್ ಬೋರ್ಡು ಮಡಚುವ ಕಷ್ಟವೇಕೆ? ಥರ್ಮೊಕೋಲ್‌ನಲ್ಲಿ ಕ್ಲಾರ್ಕ್ ವೈ ಆಕಾರವನ್ನೇ ಬಿಸಿ ತಂತಿಯಲ್ಲಿ ಕತ್ತರಿಸಿ. ಕೆಳಗಿನ ಮುಖ ಬಹುಪಾಲು ಚಪ್ಪಟೆ, ಹಾಗಾಗಿ ಮೇಜಿನ ಮೇಲಿಟ್ಟು ಅಂಟಿಸಲು ಸುಲಭ.

ಕ್ಲಾರ್ಕ್ ವೈ ದಪ್ಪ ರೆಕ್ಕೆಯ ಅಗಲದ ಶೇಕಡಾ 11.7. 220ಕ್ಕೆ ಲೆಕ್ಕ ಹಾಕಿದರೆ 25.7 ಮಿ.ಮೀ. ಅಂಗಡಿಯಲ್ಲಿ ಸಿಗುವ 25ರ ಹಾಳೆ ಕೂದಲೆಳೆಯಷ್ಟರಲ್ಲಿ ಸಾಲುವುದಿಲ್ಲ, 50ರದು ತನ್ನಿ. ಹಾಳೆ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಇರುತ್ತದೆ, 600ರ ಅರ್ಧ ರೆಕ್ಕೆ ಆರಾಮವಾಗಿ ಕೂರುತ್ತದೆ. ಕಾಳು ಉದುರುವ ಅಗ್ಗದ ಮಾಲು ಬೇಡ, ‘ಡೆನ್ಸಿಟಿ 15’ ಎಂದು ಕೇಳಿ. ಘನ ಮೀಟರಿಗೆ 15 ಕಿಲೋ ಎಂದು ಅರ್ಥ.

ಕತ್ತರಿಸುವ ಬಗೆ: ಸನ್ಮೈಕಾ ತುಂಡಿನಲ್ಲಿ ರೆಕ್ಕೆಯ ಅಡ್ಡನೋಟದ ಟೆಂಪ್ಲೇಟು ಎರಡು ಮಾಡಿ, ಅಂಚನ್ನು ಉಗುರಿಗೆ ಸಿಕ್ಕದಷ್ಟು ನುಣುಪಾಗಿ ಉಜ್ಜಿ. ಥರ್ಮೊಕೋಲ್ ತುಂಡಿನ ಎರಡೂ ತುದಿಗೆ ಅಂಟಿಸಿ. ಟೆಂಪ್ಲೇಟಿನ ಮೇಲೆ 0ಯಿಂದ 10ರವರೆಗೆ ಗುರುತು ಹಾಕಿ. ಎರಡು ಕಡೆ ಇಬ್ಬರು ನಿಂತು ನೈಕ್ರೋಮ್ ತಂತಿ ಬಿಗಿದ ಚೌಕಟ್ಟನ್ನು ಹಿಡಿಯಬೇಕು. ಒಬ್ಬರು ‘ಎರಡು, ಮೂರು’ ಎಂದು ಎಣಿಸುತ್ತ ಹೋದಂತೆ ಇಬ್ಬರ ತಂತಿಯೂ ಅದೇ ಗುರುತು ದಾಟಬೇಕು. ತಂತಿಯನ್ನು ನೂಕಬಾರದು. ತನ್ನ ಭಾರಕ್ಕೆ ತಾನೇ ಕರಗಿಸಿಕೊಂಡು ಹೋಗಬೇಕು. ಅವಸರ ಮಾಡಿದರೆ ತಂತಿಯ ನಡುಭಾಗ ಹಿಂದುಳಿದು ಬಾಗುತ್ತದೆ, ರೆಕ್ಕೆಯ ನಡುವೆ ಮುಂದಿನ ಅಂಚು ದಪ್ಪವಾಗಿ ಬಿಡುತ್ತದೆ. ಸರಿಯಾದ ಶಾಖದಲ್ಲಿ ಸಣ್ಣಗೆ ಚುರ್ ಎಂಬ ಸದ್ದು ಮಾತ್ರ ಬರುತ್ತದೆ, ತಂತಿಯ ಹಿಂದೆ ಜೇಡರ ಎಳೆಯಂಥ ಕೂದಲು ಏಳುತ್ತದೆ. ಆ ಕೂದಲು ಕಂಡರೆ ಕೆಲಸ ಸರಿ ಎಂದೇ ಲೆಕ್ಕ. ತಂತಿ ಕೆಂಪಗೆ ಹೊಳೆಯುತ್ತಿದ್ದರೆ ವೋಲ್ಟೇಜ್ ಹೆಚ್ಚಾಗಿದೆ. ಕೋಣೆಯ ಒಳಗೆ ಮಾಡಬೇಡಿ, ಹೊಗೆ ಒಳ್ಳೆಯದಲ್ಲ.

ಕಡಲತಡಿ

ಇದು ತೂಕದ ಲೆಕ್ಕಕ್ಕೂ ಚೆನ್ನಾಗಿ ಕೂರುತ್ತದೆ. ಆ ರೆಕ್ಕೆಯ ಗಾತ್ರಕ್ಕೆ 15ರ ಥರ್ಮೊಕೋಲ್ 70 ಗ್ರಾಂ ಮಾತ್ರ. ಸ್ಪಾರ್, ಮೇಲೆ ಅಂಟಿಸುವ ಪ್ಯಾಕಿಂಗ್ ಟೇಪು ಎಲ್ಲ ಸೇರಿದರೂ 130 ದಾಟಲಾರದು. ಅದೇ ರೆಕ್ಕೆಯನ್ನು ಫೋಮ್ ಬೋರ್ಡ್ ಮಡಚಿ ಮಾಡಿದರೆ ಬೋರ್ಡೇ 200 ಗ್ರಾಂ ಮೀರುತ್ತದೆ.

ಕೊಲಂಬಸ್ ಕನ್ನಡಿಗ (ಒಹಾಯೊ)

ಮಡಚಿದ ರೆಕ್ಕೆಯನ್ನು ಇಷ್ಟು ಬೇಗ ತಳ್ಳಿಹಾಕಬೇಡಿ. ಇಲ್ಲಿ ಡಾಲರ್ ಟ್ರೀ ಅಂಗಡಿಯ 20×30 ಇಂಚಿನ ಬೋರ್ಡು 115 ಗ್ರಾಂ ಆಸುಪಾಸು ತೂಗುತ್ತದೆ, ಎಂದರೆ ಚದರ ಮೀಟರಿಗೆ 300 ಗ್ರಾಂ. ಇಲ್ಲಿನವರು ಬೋರ್ಡಿನಲ್ಲೇ ಇಡೀ ವಿಮಾನ ಮಾಡುವುದಕ್ಕೆ ಕಾರಣ ಅದು. ಒಂದು ಚಾಕು, ಒಂದು ಹಾಟ್ ಗ್ಲೂ ಗನ್, ಒಂದು ಸಂಜೆ. ಬಿಸಿ ತಂತಿಯ ಚೌಕಟ್ಟು, ಟ್ರಾನ್ಸ್‌ಫಾರ್ಮರ್ ಯಾವುದೂ ಬೇಡ.

ಊರಿಗೆ ಬಂದಾಗ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಬೋರ್ಡು ಮಾತ್ರ ಇದಕ್ಕಿಂತ ಎಷ್ಟೋ ಭಾರವಿತ್ತು. ಅಲ್ಲಿನದನ್ನು ಬಳಸುವುದಾದರೆ ಒಳಮುಖದ ಕಾಗದಕ್ಕೆ ಒದ್ದೆ ಬಟ್ಟೆ ಒತ್ತಿ ನೆನೆಸಿ ಸುಲಿದುಬಿಡಿ. ಹೊರಮುಖದ ಕಾಗದ ಬಲಕ್ಕೆ ಬೇಕು, ಅದು ಇರಲಿ.

ನಡುವಿನ ದಾರಿಯೂ ಒಂದಿದೆ. ಚಪ್ಪಟೆ ಹಾಳೆಯ ಮೇಲುಮುಖದ ಮುಂದಿನ ಅರ್ಧಕ್ಕೆ ಇನ್ನೊಂದು ಹಾಳೆ ಅಂಟಿಸಿ, ರೆಕ್ಕೆಯ ನಡುವೆ ಒಂದು ಮೆಟ್ಟಿಲು ಬಿಟ್ಟರೆ ಸಾಕು. ಕಾಗದದ ವಿಮಾನದ ಹುಚ್ಚು ಹಿಡಿದ ಕ್ಲೈನ್, ಜೊತೆಗೆ ಫೋಗಲ್‌ಮನ್ ಎಂಬ ಇಬ್ಬರು ಅಮೆರಿಕದಲ್ಲಿ 1972ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ದೊಡ್ಡ ವಿಮಾನಗಳಿಗೆ ಬಳಕೆಗೆ ಬರಲಿಲ್ಲ, ಫೋಮ್ ವಿಮಾನದವರು ಮಾತ್ರ ಕೈಬಿಡಲಿಲ್ಲ.

ಹಳೆಯ ಬಾಲ್ಸಾ

ಮೆಟ್ಟಿಲು ರೆಕ್ಕೆ ಹಾರುತ್ತದೆ, ಒಪ್ಪುತ್ತೇನೆ. ಬಾಗಿಲು ಕಿತ್ತು ಮೋಟಾರು ಕಟ್ಟಿದರೂ ಹಾರುತ್ತದೆ. ಕಣ್ಣಿಗೆ ಹಿತವಾಗಿ ತೇಲುವುದು ಬೇರೆ ಮಾತು.

ಕೊಲಂಬಸ್ ಕನ್ನಡಿಗ

ಹಿರಿಯರೇ, ನೆಲಕ್ಕೆ ಬಡಿದ ಮೇಲೆ ಅರ್ಧ ಗಂಟೆಯಲ್ಲಿ ಹೊಸ ರೆಕ್ಕೆ ಮಾಡಿಕೊಳ್ಳುವುದೂ ಕಣ್ಣಿಗೆ ಹಿತವೇ.

ನಿರ್ವಾಹಕ

ಇಬ್ಬರೂ ಸರಿ. ಬೆಣ್ಣೆದೋಸೆಯವರ ನಕ್ಷೆಗೆ ಮರಳೋಣ.

ಪಿಯುಸಿ ಎರಡನೇ ವರ್ಷ (ತುಮಕೂರು)

ಸರ್, ಮೇಡಂ, ಎಲ್ಲರಿಗೂ ನಮಸ್ಕಾರ. ಒಂದು ಚಿಕ್ಕ ಪ್ರಶ್ನೆ. ಥರ್ಮೊಕೋಲ್‌ಗೆ ಫೆವಿಕ್ವಿಕ್ ಹಾಕಿ ಅಂಟಿಸಬಹುದೇ? ಬೇಗ ಹಿಡಿಯುತ್ತದೆ ಎಂದು ಕೇಳುತ್ತಿದ್ದೇನೆ.

ಥರ್ಮೊಕೋಲ್ ಮನೆ

ಬೇಡಪ್ಪ. ಹನಿ ಬಿದ್ದ ಕಡೆ ಕುಳಿ ಬೀಳುತ್ತದೆ, ನೋಡುನೋಡುತ್ತ ತೂತಾಗುತ್ತದೆ. ರಬ್ಬರ್ ಸೊಲ್ಯೂಷನ್ ಜಾತಿಯ ಹಳದಿ ಅಂಟುಗಳೂ ಹಾಗೆಯೇ ತಿನ್ನುತ್ತವೆ. ಸ್ಪ್ರೇ ಪೇಂಟ್ ಕೂಡ. ಯಾವ ಅಂಟನ್ನೇ ಆಗಲಿ ಉಳಿದ ಚೂರಿನ ಮೇಲೆ ಒಂದು ಹನಿ ಹಾಕಿ ನೋಡಿಯೇ ರೆಕ್ಕೆಗೆ ಮುಟ್ಟಿಸು.

ಮರಗೆಲಸದ ಬಿಳಿ ಫೆವಿಕಾಲ್ ಒಳ್ಳೆಯದು, ಆದರೆ ಥರ್ಮೊಕೋಲ್‌ನ ಎರಡು ಅಗಲ ಮುಖಗಳ ನಡುವೆ ಗಾಳಿ ಆಡದೆ ಮರುದಿನವೂ ಹಸಿಯಾಗಿಯೇ ಇರುತ್ತದೆ. ತೆಳುವಾಗಿ ಬಳಿದು ರಾತ್ರಿಯಿಡೀ ಭಾರ ಹೇರಿಡು. ಬಲ ಬೀಳುವ ಕಡೆಗೆ, ಎಂದರೆ ರೆಕ್ಕೆಯ ನಡುಸಂದು, ಮೋಟಾರಿನ ಪ್ಲೈವುಡ್ ಕೂರುವ ಜಾಗಕ್ಕೆ ಎರಡು ಟ್ಯೂಬು ಬೆರೆಸುವ ಅರಾಲ್ಡೈಟ್.

ಬಿಸಿಲೂರು (ಕಲಬುರಗಿ)

ಹಾಟ್ ಗ್ಲೂ ಬಗ್ಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ. ಗಾಜು ಏರಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಕಡಿಮೆ ಶಾಖದ ಗ್ಲೂ ಕಡ್ಡಿಯಲ್ಲಿ ಅಂಟಿಸಿದ ಮೋಟಾರಿನ ಪಟ್ಟಿ ಆ ಕಾರಿನಲ್ಲಿ ಮೆತ್ತಗಾಗಿ ಕೋನವೇ ಬದಲಾಗಿಬಿಡುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಹಾರಿಸಿದಾಗ ಗೊತ್ತಾಗುತ್ತದೆ. ಮೇಲ್ಮೈಗೆ ಕಪ್ಪು ಟೇಪು ಹಚ್ಚಬೇಡಿ. ಲಿಪೊ ಬ್ಯಾಟರಿಯನ್ನಂತೂ ಕಾರಿನಲ್ಲಿ ಬಿಟ್ಟು ಚಹಾ ಕುಡಿಯಲು ಹೋಗಲೇಬೇಡಿ.

ಬೆಣ್ಣೆದೋಸೆ

ಎಲ್ಲರಿಗೂ ಋಣಿ. ಹೊಸ ನಕ್ಷೆ ಇದು: ರೆಕ್ಕೆ 1200 × 220, ಥರ್ಮೊಕೋಲ್ ಕ್ಲಾರ್ಕ್ ವೈ, 6 ಡಿಗ್ರಿ ಡೈಹೆಡ್ರಲ್, ಏಲೆರಾನ್ ಇಲ್ಲ. ಹೊಟ್ಟೆ ಮತ್ತು ಬಾಲಕ್ಕೆ ಫೋಮ್ ಬೋರ್ಡು. ಇಲ್ಲಿನ ಮಂಟಪ ಅಲಂಕಾರದವರು ತಂತಿಯ ಚೌಕಟ್ಟು ಕೊಡಲು ಒಪ್ಪಿದ್ದಾರೆ. ಬಾಲದ ಅಳತೆ ಹೇಗೆ ನಿರ್ಧರಿಸುವುದು? ಅಂದಾಜಿಗೆ ಬರೆದರೆ ಸಾಕೇ?

ಕಡಲತಡಿ

ಬಾಲವನ್ನು ಅಂದಾಜಿಗೆ ಬಿಡಬೇಡಿ. ಚಿಕ್ಕ ಬಾಲ ದೂರದಲ್ಲಿದ್ದರೂ ಸರಿ, ದೊಡ್ಡ ಬಾಲ ಹತ್ತಿರವಿದ್ದರೂ ಸರಿ. ವಿಸ್ತೀರ್ಣ ಮತ್ತು ದೂರದ ಗುಣಲಬ್ಧ ಮುಖ್ಯ. ಅಡ್ಡ ಬಾಲದ ವಿಸ್ತೀರ್ಣವನ್ನು ದೂರದಿಂದ ಗುಣಿಸಿ, ರೆಕ್ಕೆಯ ವಿಸ್ತೀರ್ಣ ಮತ್ತು ಅಗಲದ ಗುಣಲಬ್ಧದಿಂದ ಭಾಗಿಸಿ. 0.5 ಬಂದರೆ ಕಲಿಯುವವರಿಗೆ ಚೆನ್ನ.

ನಿಮ್ಮದಕ್ಕೆ: ಅಡ್ಡ ಬಾಲ 480 × 110 ಮಿ.ಮೀ., ಎಂದರೆ 5.28 ಚದರ ಡೆಸಿಮೀಟರ್, ರೆಕ್ಕೆಯ ಐದನೇ ಒಂದು ಭಾಗ. ರೆಕ್ಕೆಯ ಕಾಲುಭಾಗದ ಗೆರೆಯಿಂದ (ಮುಂದಿನ ಅಂಚಿನಿಂದ ಅಗಲದ ಕಾಲು ಪಾಲು ಹಿಂದೆ) ಬಾಲದ ಕಾಲುಭಾಗದ ಗೆರೆಗೆ 550 ಮಿ.ಮೀ. ಭಾಗಿಸಿ ನೋಡಿ, 0.5. ನಿಂತ ಬಾಲಕ್ಕೆ ರಡ್ಡರ್ ಸೇರಿ ಸುಮಾರು 2.3 ಚದರ ಡೆಸಿಮೀಟರ್ ಕೊಡಿ. ನಿಮಗೆ ಏಲೆರಾನ್ ಇಲ್ಲದ ಕಾರಣ ರಡ್ಡರ್ ಧಾರಾಳವಾಗಿರಲಿ, ನಿಂತ ಬಾಲದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ.

ಈ ಬಾಲಕ್ಕೆ ವಿಮಾನದ ತಟಸ್ಥ ಬಿಂದು (ಭಾರದ ಕೇಂದ್ರ ಇದಕ್ಕಿಂತ ಹಿಂದೆ ಹೋದರೆ ವಿಮಾನ ತಾನಾಗಿ ಸಮತೋಲಕ್ಕೆ ಬಾರದು) ರೆಕ್ಕೆಯ ಅಗಲದ ಶೇಕಡಾ 40ರ ಹತ್ತಿರ ಬರುತ್ತದೆ. ಭಾರದ ಕೇಂದ್ರ, ಎಲ್ಲರೂ ಸಿಜಿ ಎನ್ನುವುದು, ಅದಕ್ಕಿಂತ ಸಾಕಷ್ಟು ಮುಂದಿರಬೇಕು. ಮುಂದಿನ ಅಂಚಿನಿಂದ 55ರಿಂದ 62 ಮಿ.ಮೀ. ಒಳಗೆ ನಿಲ್ಲಿಸಿ.

ಹಳೆಯ ಬಾಲ್ಸಾ

ಇದಕ್ಕೆ ನನ್ನ ಬಾಲಂಗೋಚಿ. ಬಾಲದಲ್ಲಿ ಅಂಟು ಸುರಿಯಬೇಡಿ. ಸಿಜಿಯಿಂದ 55 ಸೆಂ.ಮೀ. ಹಿಂದೆ 10 ಗ್ರಾಂ ಹೆಚ್ಚಾದರೆ 20 ಸೆಂ.ಮೀ. ಮುಂದಿನ ಮೂತಿಯಲ್ಲಿ 27 ಗ್ರಾಂ ಇಟ್ಟು ಸರಿದೂಗಿಸಬೇಕು. 37 ಗ್ರಾಂ ದಂಡ. ಸೀಸದ ತುಂಡು ಮೂತಿಗೆ ಕಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬ್ಯಾಟರಿ ಕೂರುವ ಗೂಡನ್ನು ಉದ್ದ ಮಾಡಿ, ವೆಲ್ಕ್ರೊ ಪಟ್ಟಿಯಲ್ಲಿ ಹಿಂದೆ ಮುಂದೆ ಸರಿಸಿ ಸಿಜಿ ಕೂರಿಸಿ. ಸರ್ವೊಗಳೂ ರೆಕ್ಕೆಯ ಕೆಳಗೇ ಇರಲಿ. ಅಲ್ಲಿಂದ ಬಾಲಕ್ಕೆ ಸೈಕಲ್ ಸ್ಪೋಕ್ ಭಾರವಾಗುತ್ತದೆ, ಬಿದಿರಿನ ಕಡ್ಡಿಯ ಎರಡು ತುದಿಗೆ ಮಾತ್ರ ತಂತಿ ಕಟ್ಟಿ.

ರೆಕ್ಕೆಯ ನಡುಸಂದಿಗೆ 3 ಮಿ.ಮೀ. ಪ್ಲೈವುಡ್ಡನ್ನು ಡೈಹೆಡ್ರಲ್ ಕೋನಕ್ಕೆ ಕತ್ತರಿಸಿ ಅರಾಲ್ಡೈಟ್ ಹಾಕಿ ಹುದುಗಿಸಿ. ಮೇಲೆ ನೂಲಿನ ಎಳೆ ಇರುವ ಫೈಬರ್ ಟೇಪು ಒಂದು ಸುತ್ತು. ರೆಕ್ಕೆ ಮುರಿಯುವುದು ಅಲ್ಲಿಯೇ. ರೆಕ್ಕೆಯನ್ನು ಹೊಟ್ಟೆಗೆ ಅಂಟಿಸದೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ. ನೆಲಕ್ಕೆ ತಾಗಿದಾಗ ಕಳಚಿಕೊಂಡು ಉಳಿಯುತ್ತದೆ.

ಮೋಟಾರನ್ನು ನೆಟ್ಟಗೆ ಕೂರಿಸಬೇಡಿ. ಎರಡರಿಂದ ಮೂರು ಡಿಗ್ರಿ ಬಲಕ್ಕೆ, ಅಷ್ಟೇ ಕೆಳಕ್ಕೆ ನೋಡುತ್ತಿರಲಿ.

ಬೆಣ್ಣೆದೋಸೆ

ಕಟ್ಟಿ ಮುಗಿಯಿತು. ಬ್ಯಾಟರಿ ಸೇರಿ 640 ಗ್ರಾಂ! ರೆಕ್ಕೆಯ ಮೇಲೆ ಚದರ ಡೆಸಿಮೀಟರಿಗೆ 24 ಚಿಲ್ಲರೆ ಗ್ರಾಂ. ಎರಡು ಬೆರಳ ಮೇಲೆ ರೆಕ್ಕೆ ನಿಲ್ಲಿಸಿದರೆ ಸಿಜಿ 60 ಮಿ.ಮೀ. ಹತ್ತಿರ ನಿಲ್ಲುತ್ತದೆ, ಸೀಸ ಒಂದು ಗ್ರಾಂ ಕೂಡ ಹಾಕಿಲ್ಲ. ರೆಕ್ಕೆಗೆ ಪಾರದರ್ಶಕ ಟೇಪು, ಒಂದು ತುದಿಗೆ ಕೆಂಪು, ಇನ್ನೊಂದಕ್ಕೆ ಹಳದಿ. ಮೇಲೆ ಹೋದಾಗ ಯಾವ ಕಡೆ ವಾಲಿದೆ ಎಂದು ತಿಳಿಯಲಿ ಎಂದು.

ಹಾರಿಸುವ ಮೊದಲು ಇನ್ನೇನು ನೋಡಬೇಕು? ಇಲ್ಲಿ ಗಾಳಿ ಶುರುವಾಗಿದೆ, ಅದೊಂದು ಚಿಂತೆ.

ಕಡಲತಡಿ

ಮೊದಲು ಜಾಗ. ಭಾರತದ ಡ್ರೋನ್ ನಿಯಮಗಳು 2021ರ ಪ್ರಕಾರ ಕಲಿಕೆ, ಸಂಶೋಧನೆ, ಹವ್ಯಾಸಕ್ಕೆ ಕಣ್ಣಳತೆಯಲ್ಲೇ ಹಾರಿಸುವ, 25 ಕಿಲೋ ಮೀರದ ವಿಮಾನ ‘ಮಾದರಿ’ ವರ್ಗಕ್ಕೆ ಸೇರುತ್ತದೆ, ಅದಕ್ಕೆ ಟೈಪ್ ಸರ್ಟಿಫಿಕೇಟ್ (ವಿನ್ಯಾಸಕ್ಕೆ ಸರ್ಕಾರದ ಅನುಮೋದನೆ ಪತ್ರ) ಬೇಡ. ಆದರೆ ಆಕಾಶದ ವಲಯಗಳು ಎಲ್ಲರಿಗೂ ಒಂದೇ. ಹಸಿರು ವಲಯದಲ್ಲಿ 400 ಅಡಿಯವರೆಗೆ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿಯವರೆಗೆ ಮಾತ್ರ ಹಸಿರು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ಹಾರಿಸುವ ದಿನವೇ ನೋಡಿ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ನಾಲ್ಕನ್ನೂ ಇಟ್ಟುಕೊಂಡಿರುವ ಬೆಂಗಳೂರಿನವರ ಪಾಡು ಬೇರೆಯೇ.

ಹಳೆಯ ಬಾಲ್ಸಾ

ಅದಕ್ಕೇ ನಾವು ಬೆಳಗಿನ ಜಾವ ಊರು ಬಿಟ್ಟು ಹೋಗುವುದು.

ಗಾಳಿಯ ಮಾತು: ಆಷಾಢದ ಗಾಳಿ ಗಾಳಿಪಟಕ್ಕೆ ಹಬ್ಬ, ನಿಮಗಲ್ಲ. ನಿಮ್ಮ ವಿಮಾನ 24 ಕಿ.ಮೀ. ವೇಗದಲ್ಲಿ ತೇಲುವಂಥದ್ದು, ಎದುರಿನಿಂದ 20 ಕಿ.ಮೀ. ಗಾಳಿ ಬಂದರೆ ನಿಂತಲ್ಲೇ ನಿಲ್ಲುತ್ತದೆ, ಬೆನ್ನಿಗೆ ಬಂದರೆ ಪಕ್ಕದ ತಾಲ್ಲೂಕಿಗೆ ಹೋಗುತ್ತದೆ. ಹಗುರ ವಿಮಾನಕ್ಕೆ ಕೊಡಬೇಕಾದ ಬೆಲೆ ಇದು. ಸೂರ್ಯ ಹುಟ್ಟಿದ ಮೊದಲ ಗಂಟೆಯಲ್ಲಿ, ಮರದ ಎಲೆ ಅಲುಗದಾಗ ಹಾರಿಸಿ.

ಪ್ರೊಪೆಲ್ಲರ್ ಬಿಚ್ಚಿಟ್ಟು ರೇಡಿಯೋ ಹೊಂದಿಸಿ. ಕಡ್ಡಿ ನಿಮ್ಮ ಕಡೆಗೆ ಎಳೆದರೆ ಎಲಿವೇಟರ್ ಮೇಲೇಳಬೇಕು. ವಿಮಾನದ ಹಿಂದೆ ನಿಂತು ನೋಡಿ, ಎದುರು ನಿಂತರೆ ರಡ್ಡರ್ ಎಡವೋ ಬಲವೋ ಎಂದು ತಲೆ ತಿರುಗುತ್ತದೆ. ಟ್ರಾನ್ಸ್‌ಮಿಟರ್ ಆಫ್ ಮಾಡಿದರೆ ಮೋಟಾರು ನಿಲ್ಲಬೇಕು. ನಿಲ್ಲದಿದ್ದರೆ ಸಂಕೇತ ಕಡಿದಾಗ ಮೋಟಾರು ನಿಲ್ಲಿಸುವ ಫೇಲ್‌ಸೇಫ್ ಸರಿಪಡಿಸದೆ ಮನೆಯಿಂದ ಹೊರಡಬೇಡಿ. ಆಮೇಲೆ ಮೋಟಾರು ನಿಲ್ಲಿಸಿಯೇ, ಎದೆಮಟ್ಟದಿಂದ, ಗಾಳಿಗೆದುರಾಗಿ, ಮೂತಿ ತುಸು ಕೆಳಗೆ ಮಾಡಿ ಹುಲ್ಲಿನ ಮೇಲೆ ತಳ್ಳಿ. ನೆಟ್ಟಗೆ ಜಾರಿಕೊಂಡು ಹೋದರೆ ಮುಂದಿನದು.

ಬೆಣ್ಣೆದೋಸೆ

ಹಾರಿತು! ಕೊಯ್ಲಾದ ಜೋಳದ ಹೊಲ, ಬೆಳಗಿನ ತಂಪು, ಎಲೆ ಅಲುಗುತ್ತಿರಲಿಲ್ಲ. ಕೈಯಿಂದ ತಳ್ಳಿದ ಕೂಡಲೇ ತಾನೇ ಮೇಲೇರಿತು. ಅರ್ಧ ಥ್ರಾಟಲ್‌ನಲ್ಲಿ ದೊಡ್ಡ ಸುತ್ತು ಹೊಡೆಯಿತು. ರಡ್ಡರ್ ಬಿಟ್ಟರೆ ನಿಜಕ್ಕೂ ನೆಟ್ಟಗಾಗುತ್ತದೆ, ಬಾಲ್ಸಾ ಸರ್ ಹೇಳಿದಂತೆಯೇ. ಎರಡು ಹದ್ದುಗಳು ಬಂದು ಜೊತೆಯಲ್ಲಿ ಸುತ್ತತೊಡಗಿದ ಕಾರಣ ಬೇಗ ಇಳಿಸಿದೆ.

ಒಂದು ತೊಂದರೆ. ಥ್ರಾಟಲ್ ಪೂರ್ತಿ ಕೊಟ್ಟರೆ ಮೂತಿ ಎತ್ತಿಕೊಂಡು ಏರುತ್ತಲೇ ಹೋಗುತ್ತದೆ. ಎಲಿವೇಟರ್ ಕೆಳಕ್ಕೆ ಒತ್ತಿ ಹಿಡಿದಿರಬೇಕು.

ಹಳೆಯ ಬಾಲ್ಸಾ

ಕೆಳಕೋನ ಸಾಲದು. ಮೋಟಾರಿನ ಮೇಲಿನ ಎರಡು ಸ್ಕ್ರೂಗಳ ಹಿಂದೆ ಒಂದೊಂದು ವಾಷರ್ ಹಾಕಿ.

ಕಡಲತಡಿ

ತಾಳಿ. ಎರಡು ಕಾರಣಗಳಿಂದ ಹೀಗಾಗಬಹುದು, ಎರಡಕ್ಕೂ ಮದ್ದು ಬೇರೆ. ಎತ್ತರದಲ್ಲಿ ನೆಟ್ಟಗೆ ಹಾರುತ್ತಿರುವಾಗ ಥ್ರಾಟಲ್ ಪೂರ್ತಿ ಇಳಿಸಿಬಿಡಿ. ಇಳಿಸಿದ ಕೂಡಲೇ ಮೂತಿ ತಟ್ಟನೆ ಕೆಳಗೆ ಬಿದ್ದರೆ ಥ್ರಸ್ಟಿನ ಕೋನದ್ದೇ ದೋಷ, ವಾಷರ್ ಹಾಕಿ.

ಇನ್ನೊಂದು ಪರೀಕ್ಷೆ: ಮೋಟಾರು ನಿಲ್ಲಿಸಿ, ಮೂತಿ 30 ಡಿಗ್ರಿ ಕೆಳಗೆ ಮಾಡಿ, ಕಡ್ಡಿ ಬಿಡಿ. ವೇಗ ಏರಿದಂತೆ ತಾನೇ ಜೋರಾಗಿ ಮೂತಿ ಎತ್ತಿದರೆ ಸಿಜಿ ಹೆಚ್ಚು ಮುಂದಿದೆ, ಅದನ್ನು ಎಲಿವೇಟರಿನ ನಿಂತ ಸ್ಥಾನ ಬದಲಿಸುವ ಟ್ರಿಮ್‌ನಲ್ಲಿ ಎತ್ತಿ ಹಿಡಿದಿದ್ದೀರಿ ಎಂದರ್ಥ. ವೇಗ ಹೆಚ್ಚಾದಾಗ ಆ ಟ್ರಿಮ್ ಬಲವೂ ಹೆಚ್ಚುತ್ತದೆ. ಆಗ ಬ್ಯಾಟರಿಯನ್ನು ನಾಲ್ಕೈದು ಮಿಲಿಮೀಟರ್ ಹಿಂದೆ ಸರಿಸಿ, ಟ್ರಿಮ್ ಇಳಿಸಿ. ನಿಧಾನವಾಗಿ ಮೂತಿ ಎತ್ತಿದರೆ ಸರಿಯಾಗಿದೆ. ಎತ್ತದೆ ಇನ್ನೂ ಕಡಿದಾಗಿ ಇಳಿಯತೊಡಗಿದರೆ ಸಿಜಿ ಹಿಂದೆ ಹೋಗಿದೆ, ಬೇಗ ಸರಿಪಡಿಸಿ.

ಬೆಣ್ಣೆದೋಸೆ

ಎರಡೂ ಪರೀಕ್ಷೆ ಮಾಡಿದೆ. ಥ್ರಾಟಲ್ ಇಳಿಸಿದಾಗ ಮೂತಿ ತಟ್ಟನೆ ಬಿತ್ತು, ಇಳಿಜಾರಿನ ಪರೀಕ್ಷೆಯಲ್ಲಿ ಮಾತ್ರ ಸಮಾಧಾನವಾಗಿ ಎದ್ದುಕೊಂಡಿತು. ಹಾಗಾಗಿ ವಾಷರ್. ಹಾಕಿದ ಮೇಲೆ ಪೂರ್ತಿ ಥ್ರಾಟಲ್‌ನಲ್ಲೂ ಹದವಾಗಿ ಏರುತ್ತದೆ. 1300ರ ಬ್ಯಾಟರಿ ಹತ್ತು ನಿಮಿಷದ ಹತ್ತಿರ ಬರುತ್ತದೆ. ಪ್ರತಿ ಸೆಲ್ 3.7 ವೋಲ್ಟಿಗೆ ಬಂದಾಗ ಇಳಿಸುತ್ತಿದ್ದೇನೆ.

ಈಗ ಏಲೆರಾನ್ ಆಸೆ ಹತ್ತಿದೆ. ಇದೇ ರೆಕ್ಕೆಯನ್ನು ಕೊಯ್ದು ಹಾಕಬಹುದೇ?

ಹಳೆಯ ಬಾಲ್ಸಾ

ಒಳ್ಳೆಯ ರೆಕ್ಕೆಯನ್ನು ಕೊಯ್ಯಬೇಡಿ. ರಬ್ಬರ್ ಬ್ಯಾಂಡ್ ಕಟ್ಟಿಸಿದ್ದು ಏಕೆ? ಎರಡನೇ ರೆಕ್ಕೆ ಮಾಡಿ, ಅದೇ ಹೊಟ್ಟೆಗೆ ಕಟ್ಟಿ. ಡೈಹೆಡ್ರಲ್ ಒಂದೆರಡು ಡಿಗ್ರಿಗೆ ಇಳಿಸಿ, ಏಲೆರಾನ್ ಅಗಲ ರೆಕ್ಕೆಯ ಕಾಲುಭಾಗದೊಳಗೆ. ಮೇಲೇಳುವ ಏಲೆರಾನ್ ಹೆಚ್ಚು, ಕೆಳಗಿಳಿಯುವುದು ಅದರ ಅರ್ಧದಷ್ಟು ಚಲಿಸುವಂತೆ ರೇಡಿಯೋದಲ್ಲಿ ಹೊಂದಿಸಿ. ಇಲ್ಲದಿದ್ದರೆ ಎಡಕ್ಕೆ ವಾಲಿಸಿದಾಗ ಮೂತಿ ಬಲಕ್ಕೆ ಎಳೆಯುತ್ತದೆ.

ಪಿಯುಸಿ ಎರಡನೇ ವರ್ಷ

ಸರ್, ನಾನೂ ಇದೇ ಅಳತೆಯಲ್ಲಿ ಶುರು ಮಾಡುತ್ತಿದ್ದೇನೆ. ಒಂದು ಸಂದೇಹ: ತಂತಿ ಕರಗಿಸುವ ದಪ್ಪವನ್ನು ಲೆಕ್ಕ ಹಿಡಿದು ಟೆಂಪ್ಲೇಟನ್ನು ದೊಡ್ಡದು ಮಾಡಬೇಕೇ?

ಥರ್ಮೊಕೋಲ್ ಮನೆ

ಬೇಕಿಲ್ಲ. ಅರ್ಧ ಮಿಲಿಮೀಟರ್ ಹೋದರೆ ವಿಮಾನಕ್ಕೆ ತಿಳಿಯುವುದೂ ಇಲ್ಲ. ಹಿಂದಿನ ಅಂಚಿನಲ್ಲಿ ಮಾತ್ರ 2 ಮಿ.ಮೀ. ದಪ್ಪ ಉಳಿಯುವಂತೆ ಟೆಂಪ್ಲೇಟು ಕತ್ತರಿಸು, ಚೂಪಾಗಿ ಬಿಟ್ಟರೆ ಒಂದು ಮುಖದ ಕೊಯ್ತ ಮುಗಿಸಿ ಇನ್ನೊಂದನ್ನು ಮಾಡುವಾಗ ಸುಟ್ಟು ಸುಕ್ಕಾಗುತ್ತದೆ. ಕೆಳಮುಖವನ್ನು ಮೊದಲು ಕೊಯ್ದುಕೊ. ಕತ್ತರಿಸಿ ಉಳಿದ ಹೊರಚೂರುಗಳನ್ನು ಎಸೆಯಬೇಡ. ಸ್ಪಾರ್ ಅಂಟಿಸುವಾಗ ರೆಕ್ಕೆಯನ್ನು ಅದೇ ಚೂರುಗಳೊಳಗೆ ಕೂರಿಸಿ ಭಾರ ಹೇರಿದರೆ ರೆಕ್ಕೆ ತಿರುಚಿಕೊಳ್ಳುವುದಿಲ್ಲ. ತಂತಿಗೆ 12 ವೋಲ್ಟ್, ಎರಡು ಆಂಪಿಯರ್ ಆಸುಪಾಸು ಸಾಕು. ಜೊತೆಗೆ ಹಿಡಿಯಲು ಎಣಿಕೆ ತಪ್ಪದ ಗೆಳೆಯನನ್ನು ಕರೆದುಕೊ.